ಓಲಾ, ಯಾವ ಮನೆ?

ಪಕ್ಕದ ತೋಟದವರು ಎರಡು ಕೋಣೆಗಳನ್ನು ಹೋಂಸ್ಟೇಗೆ ಬಿಟ್ಟಿದ್ದಾರೆ. ಮಳೆ ಹಿಂದಾದ ಮೇಲೆ ಸ್ಪೇನಿನಿಂದ ಗಂಡ ಹೆಂಡತಿ ಬರುತ್ತಾರೆಂದು ಖಾತ್ರಿಯಾದ ದಿನ ಅವರು ಬೇಲಿಯಾಚೆಯಿಂದ, “ಮೇಷ್ಟ್ರೇ, ನೀವು ಭಾಷೆ ಕಲಿಸಿದವರು. ನಾಲ್ಕು ಮಾತು ಸ್ಪ್ಯಾನಿಷ್ ಕಲಿತಿಟ್ಟುಕೊಳ್ಳಿ” ಅಂದರು. ಕನ್ನಡ ಪಾಠ ಮಾಡಿದವನಿಗೆ ಸ್ಪ್ಯಾನಿಷ್ ಬಂದೇ ಬರುತ್ತದೆ ಅನ್ನುವುದು, ಎತ್ತು ಹೂಡಿದವನು ಆನೆಯನ್ನೂ ಹೂಡುತ್ತಾನೆ ಅಂದಹಾಗೆ. ಆದರೆ ಆಗ ಜುಲೈ. ಕೊಡಗಿನ ನಾಪೋಕ್ಲು ಕಡೆಯ ಮಳೆಯಲ್ಲಿ ನಿವೃತ್ತನಿಗೆ ಬೇರೆ ಕೆಲಸವಾದರೂ ಏನಿದೆ? ನೆಟ್‌ವರ್ಕ್ ಸಿಗುವ ಒಂದೇ ಜಾಗವಾದ ಹಲಸಿನ ಮರದಡಿ ಕೊಡೆ ಹಿಡಿದು ನಿಂತು, ಮೊಬೈಲಿಗೆ ನಮಸ್ಕಾರ ಹೇಳಲು ಶುರುಮಾಡಿದೆ.

ಮೊದಲ ಪದವೇ ‘ಓಲಾ’. ಬರೆಯುವಾಗ ಮುಂದೊಂದು ಹಕಾರ ಇರುತ್ತದೆ, ಬಾಯಲ್ಲಿ ಇರುವುದಿಲ್ಲ. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ನಾನು ಮಂಡ್ಯ ಕಡೆಯವನು. ‘ಹಾಲು’ ಎಂಬುದನ್ನು ‘ಆಲು’ ಅಂದಿದ್ದಕ್ಕೆ ಬಾಲ್ಯದಲ್ಲಿ ಬೆರಳ ಗೆಣ್ಣಿನ ಮೇಲೆ ಪೆಟ್ಟು ತಿಂದವನು. ಮುಂದೆ ಮೇಷ್ಟ್ರಾಗಿ ಅದೇ ತಪ್ಪಿಗೆ ಪೆಟ್ಟು ಕೊಟ್ಟವನೂ ಹೌದು. ಇಲ್ಲಿ ನೋಡಿದರೆ ಒಂದಿಡೀ ಭಾಷೆ ಹಕಾರ ನುಂಗಿಕೊಂಡು ಮರ್ಯಾದೆಯಿಂದ ಬಾಳುತ್ತಿದೆ. ಲ್ಯಾಟಿನ್ನಿನಲ್ಲಿ ಹಿಟ್ಟಿಗೆ ‘ಫರೀನಾ’. ಸ್ಪ್ಯಾನಿಷ್‌ನಲ್ಲಿ ಆ ಫಕಾರ ಹಕಾರವಾಯಿತು, ಆಮೇಲೆ ಆ ಹಕಾರವೂ ಉದುರಿ ಈಗ ‘ಅರೀನಾ’. ನಮ್ಮ ಹಿಟ್ಟಿನ ಕಥೆಯೂ ಇದೇ ತಾನೇ? ಹಳಗನ್ನಡದ ಪಿಟ್ಟು, ಪುಸ್ತಕದ ಹಿಟ್ಟು, ನಮ್ಮಮ್ಮ ಬಡಿಸುತ್ತಿದ್ದ ಇಟ್ಟು. ಕೊಡಗಿಗೆ ಬಂದ ಹೊಸತರಲ್ಲಿ ಪಾಪುಟ್ಟು, ನೂಲ್‌ಪುಟ್ಟು ತಿನ್ನುವಾಗ ಇಲ್ಲಿ ಪಕಾರ ಇನ್ನೂ ಗಟ್ಟಿಯಾಗಿದೆಯಲ್ಲ ಎಂದು ಖುಷಿಪಟ್ಟಿದ್ದೆ. ಕೊಡವರು ‘ಪುತ್ತರಿ’ ಅನ್ನುತ್ತಾರೆ, ಕ್ಯಾಲೆಂಡರಿನಲ್ಲಿ ‘ಹುತ್ತರಿ’ ಅಂತ ಅಚ್ಚಾಗಿರುತ್ತದೆ, ನನ್ನ ಬಾಯಲ್ಲಿ ಅದು ‘ಉತ್ತರಿ’. ಒಂದೇ ಹಬ್ಬಕ್ಕೆ ಮೂರು ಕಾಲ!

ಕನ್ನಡದ ನಾಲಿಗೆಗೆ ಸ್ಪ್ಯಾನಿಷ್ ಅಷ್ಟೇನೂ ಪರಕೀಯವಲ್ಲ. ಅವರ ತ, ದ ನಮ್ಮ ತ, ದಗಳೇ. ಇಂಗ್ಲಿಷಿನವರ ಹಾಗೆ ಟ, ಡ ಎಂದು ಕುಟ್ಟುವುದಿಲ್ಲ. ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತ ನಮ್ಮ ‘ಞ’ಗೆ ಅಲ್ಲಿ ಕೈತುಂಬ ಸಂಬಳದ ಉದ್ಯೋಗ: ‘ಸೆಞೋರ್’ ಅಂದರೆ ಯಜಮಾನರು, ‘ಮಞಾನಾ’ ಅಂದರೆ ನಾಳೆ. ಅಂಗಡಿಯ ಮಲಯಾಳಿ ಹುಡುಗ ದಿನಕ್ಕೆ ನೂರು ಸಲ ‘ಞಾನ್’ ಅನ್ನುವವನು, ನನಗಿಂತ ಚೆನ್ನಾಗಿ ಹೇಳಿದ.

ಕಷ್ಟವಾದದ್ದು ಮರ್ಯಾದೆಯ ಪ್ರಶ್ನೆ. ‘ನೀನು’ ಎಂಬುದಕ್ಕೆ ಅವರಲ್ಲಿ ‘ತೂ’. ಅತಿಥಿಯ ಮುಖ ನೋಡಿ ತೂ ಅನ್ನುವುದು ಹೇಗೆ? ‘ನೀವು’ ಎಂಬುದಕ್ಕೆ ‘ಉಸ್ತೆದ್’; ‘ತಮ್ಮ ಕೃಪೆ’ ಎಂಬರ್ಥದ ‘ವುಎಸ್ತ್ರಾ ಮೆರ್ಸೆದ್’ ಸವೆದು ಸವೆದು ಆದದ್ದಂತೆ. ಈಗ ಸ್ಪೇನಿನಲ್ಲಿ ಸುಲಭವಾಗಿ ತೂ ಅನ್ನುತ್ತಾರೆಂದು ಪಾಠದಲ್ಲಿತ್ತು. ಅನ್ನಲಿ. ನಾನು ‘ಕೋಮೊ ಎಸ್ತಾ ಉಸ್ತೆದ್’ ಎಂದೇ ಉರು ಹೊಡೆದೆ: ತಾವು ಹೇಗಿದ್ದೀರಿ?

ನಿಜ ಹೇಳಬೇಕೆಂದರೆ, ಇಲ್ಲಿ ಯಾರೂ ಯಾರನ್ನೂ ಹೇಗಿದ್ದೀರಿ ಎಂದು ಕೇಳುವುದಿಲ್ಲ. ಮಳೆಗಾಲದಲ್ಲಿ ಎದುರಾದವರು ಕೇಳುವುದು, “ನಿಮ್ಮಲ್ಲಿ ಎಷ್ಟಾಯ್ತು?” ಎಂದು. ಎರಡು ಇಂಚು ನಲವತ್ತು ಸೆಂಟು (ಇಂಚಿನ ನೂರನೇ ಒಂದು ಪಾಲೇ ಸೆಂಟು) ಎಂದರೆ ಕ್ಷೇಮಸಮಾಚಾರ ಮುಗಿಯಿತು. ದೇಶವೆಲ್ಲ ಮಿಲಿಮೀಟರಿಗೆ ಹೋದರೂ ಕಾಫಿ ತೋಟದ ಮಳೆ ಇಂಚಿನಲ್ಲೇ ಬೀಳುತ್ತದೆ.

ಹೆಸರು ಕೇಳುವುದೂ ಹಾಗೇ. ‘ಮೆ ಯಾಮೊ’ ಅಂದರೆ ಅಕ್ಷರಶಃ ‘ನನ್ನನ್ನು ನಾನು ಹೀಗೆ ಕರೆದುಕೊಳ್ಳುತ್ತೇನೆ’. ನನ್ನನ್ನು ನಾನು ಕರೆದುಕೊಂಡು ಏನು ಮಾಡಲಿ? ಊರು ಕರೆಯುವುದು ಮೇಷ್ಟ್ರೇ ಎಂದು. ಬಂದ ಮೊದಲ ವಾರ ಪಕ್ಕದ ಮನೆಯ ಅಜ್ಜಿ ಹೆಸರು ಕೇಳಲೇ ಇಲ್ಲ, “ಯಾವ ಮನೆ?” ಅಂದರು. ನಾನು, “ಬಾಡಿಗೆ ಮನೆ” ಅಂದೆ. ಅವರು ಕೇಳಿದ್ದು ಒಕ್ಕದ, ಅಂದರೆ ಮನೆತನದ, ಹೆಸರನ್ನು ಎಂದು ತಿಳಿಯುವಷ್ಟರಲ್ಲಿ ಅದು ಊರೆಲ್ಲ ಸುತ್ತಿ ಬಂದಿತ್ತು. ಕೊಡವರಲ್ಲಿ ಮನೆ ಹೆಸರು ಮುಂದೆ, ತನ್ನ ಹೆಸರು ಹಿಂದೆ: ಕೊಡಂದೇರ ಕಾರ್ಯಪ್ಪ, ಮಚ್ಚಂಡ ರೋಹನ್ ಬೋಪಣ್ಣ. ಸ್ಪೇನಿನಲ್ಲಿ ತಿರುವುಮುರುವು. ತನ್ನ ಹೆಸರು ಮೊದಲು, ಆಮೇಲೆ ತಂದೆಯ ಮನೆಯದು, ಕೊನೆಗೆ ತಾಯಿಯ ಮನೆಯದು. ಬೋಪಣ್ಣನ ಹಾಗೇ ಟೆನಿಸ್ ರಾಕೆಟ್ ಹಿಡಿದ ನಡಾಲ್ ಇದ್ದಾರಲ್ಲ, ಅವರ ಪೂರ್ತಿ ಹೆಸರು ರಾಫೆಲ್ ನಡಾಲ್ ಪರೇರಾ. ಪರೇರಾ ಅಮ್ಮನ ಕಡೆಯದು. ಹೆಂಗಸರು ಮದುವೆಯಾದರೂ ಇವೆರಡನ್ನು ಬಿಡುವುದಿಲ್ಲ.

ಅತಿಥಿಗಳು ಮಧ್ಯಾಹ್ನ ಬರಬೇಕಿತ್ತು. ನಾನು ‘ಬ್ವೆನಾಸ್ ತಾರ್ದೆಸ್’ ಸಿದ್ಧ ಮಾಡಿಕೊಂಡು, ಶರ್ಟು ಇಸ್ತ್ರಿ ಮಾಡಿಸಿ ಕೂತಿದ್ದೆ. ದಾರಿಯಲ್ಲಿ ಮಂಜು ಕವಿದು, ಕಾರು ಅಂಗಳಕ್ಕೆ ಬಂದಾಗ ರಾತ್ರಿ ಎಂಟೂವರೆ. ‘ಬ್ವೆನಾಸ್ ನೋಚೆಸ್’ ಅಂದೆ. ಅದು ಬಂದಾಗಲೂ ಹೇಳುವ ಮಾತು, ಹೊರಡುವಾಗಲೂ ಹೇಳುವ ಮಾತು. ಪಕ್ಕದವರು ಮೊಣಕೈಯಲ್ಲಿ ತಿವಿದರು: “ಏನು ಮೇಷ್ಟ್ರೇ, ಊಟ ಕೂಡ ಆಗಿಲ್ಲ, ಆಗಲೇ ಗುಡ್ ನೈಟ್ ಹೇಳಿ ಕಳಿಸ್ತೀರಾ?”

ಆ ಹೆಂಗಸು ನಕ್ಕು ‘ಎನ್ಕಾಂತಾದಾ’ ಅಂದರು, ಗಂಡ ‘ಎನ್ಕಾಂತಾದೊ’ ಅಂದ. ಭೇಟಿಯಾಗಿ ಸಂತೋಷ ಎಂದು; ಗಂಡಿಗೆ ಓಕಾರ, ಹೆಣ್ಣಿಗೆ ಆಕಾರ. ಆಮೇಲೆ ಇಬ್ಬರೂ ಒಟ್ಟಿಗೆ ಮಾತಿಗೆ ಶುರುಮಾಡಿದರು. ನನ್ನ ಹಲಸಿನ ಮರದ ವಿದ್ಯೆ ಅಲ್ಲಿಗೆ ಕೊಚ್ಚಿಹೋಯಿತು. ಅಷ್ಟರಲ್ಲಿ ಒಲೆಯ ಪಕ್ಕದಿಂದ ಅಜ್ಜಿ, “ಯಾವ ಮನೆಯವರಂತೆ? ಕೇಳಿ” ಅಂದರು. ನನಗೆ ಒಂದು ಪದ ನೆನಪಿತ್ತು. ‘ಅಪೆಯಿದೋಸ್?’ ಅಂದೆ, ಮನೆ ಹೆಸರುಗಳು? ಇಬ್ಬರೂ ಎರಡೆರಡು ಹೇಳಿದರು. ಎರಡನೆಯದು ತಾಯಿಯ ಕಡೆಯದು ಎಂದು ನಾನು ವಿವರಿಸಿದೆ.

“ತಾಮನೆಯದ್ದೂ ಸೇರಿಸ್ತಾರಾ?” ಅಜ್ಜಿ ಬೆರಳು ಮಡಿಸಿದರು. “ಇಬ್ಬರು ಬಂದು ನಾಲ್ಕು ಮನೆ ತಂದರು. ಒಳಗೆ ಕರೀರಿ, ಕಡಂಬುಟ್ಟು ಆರ್ತದೆ.” ತಟ್ಟೆ ಇಟ್ಟ ಮೇಲೆ ಮತ್ತೆ ನನ್ನ ಕಡೆ ತಿರುಗಿ, “ಅವರ ಊರಲ್ಲಿ ಈ ವರ್ಷ ಎಷ್ಟು ಇಂಚಂತೆ?” ಅಂದರು.

ಇಂಚಿಗೆ ಏನನ್ನುತ್ತಾರೆಂದು ನನ್ನ ಮೊಬೈಲು ಇನ್ನೂ ಕಲಿಸಿರಲಿಲ್ಲ.