ಬೇಕಾಗಿದ್ದಾರೆ: ಸಾಮಾನ್ಯ ವಿವೇಕವುಳ್ಳ ಒಬ್ಬ ಮನುಷ್ಯ

ವಯಸ್ಸು, ವಿದ್ಯಾರ್ಹತೆ, ಜಾತಿ ಯಾವುದೂ ಅಡ್ಡಿಯಿಲ್ಲ. ಕೆಲಸ ಇಷ್ಟೇ: ನನ್ನ ಅಂಕಣ ಓದಿ "ಇದು ತಮಾಷೆ" ಎಂದು ರುಜು ಹಾಕಿಕೊಡುವುದು. ಸಂಭಾವನೆ ಮಾತಾಡೋಣ.

ತುರ್ತು ಏಕೆಂದರೆ, 2025ರ ಜೂನ್‌ನಲ್ಲಿ ಹೊರಬಿತ್ತಲ್ಲ, ನಮ್ಮ ರಾಜ್ಯದ ಸುಳ್ಳು ಸುದ್ದಿ ನಿಷೇಧ ಮಸೂದೆಯ ಕರಡು, ಅದನ್ನು ಮೊನ್ನೆ ಮತ್ತೆ ತೆಗೆದು ಓದಿದೆ. 7 ವರ್ಷ ಜೈಲು, 10 ಲಕ್ಷ ರೂಪಾಯಿ ದಂಡ, ವಿಶೇಷ ನ್ಯಾಯಾಲಯ, ಅದೆಲ್ಲ ನಿಮಗೆ ಗೊತ್ತೇ ಇದೆ. ನನ್ನ ಕಣ್ಣು ಬಿದ್ದದ್ದು ವಿಡಂಬನೆ, ಹಾಸ್ಯ, ಅಣಕಗಳಿಗೆ ಕೊಟ್ಟ ವಿನಾಯಿತಿಯ ಮೇಲೆ. ಭಲೇ ಎಂದುಕೊಂಡೆ. ಆದರೆ ವಿನಾಯಿತಿಗೊಂದು ಬಾಲ ಇದೆ: ಸಾಮಾನ್ಯ ವಿವೇಕವುಳ್ಳ ಮನುಷ್ಯನ ಲೆಕ್ಕದಲ್ಲಿ ಅದು ನಿಜಸಂಗತಿಯ ಹೇಳಿಕೆ ಆಗಿರಬಾರದಂತೆ. ಅಂದರೆ ನಾನು ಜೈಲಿಗೆ ಹೋಗುವುದು ಬಿಡುವುದು ಆ ಮಹಾನುಭಾವನ ಕೈಯಲ್ಲಿದೆ. ಅವನೆಲ್ಲಿದ್ದಾನೆ?

ಮನೆಯಿಂದಲೇ ಹುಡುಕಲು ಶುರುಮಾಡಿದೆ. ನಮ್ಮ ಚಿಕ್ಕಪ್ಪ ಬ್ಯಾಂಕಿನಲ್ಲಿ ಮೂವತ್ತು ವರ್ಷ ನೋಟು ಎಣಿಸಿದವರು. 2016ರಲ್ಲಿ 2000 ರೂಪಾಯಿ ನೋಟಿನೊಳಗೆ ಚಿಪ್ ಇದೆ, 120 ಮೀಟರ್ ಆಳದಲ್ಲಿ ಹೂತರೂ ಉಪಗ್ರಹಕ್ಕೆ ಕಾಣುತ್ತದೆ ಎಂಬ ಸುದ್ದಿ ಬಂದಾಗ ನೋಟನ್ನು ಟ್ಯೂಬ್‌ಲೈಟಿಗೆ ಹಿಡಿದು, "ಅಗೋ ನೋಡು, ಸಣ್ಣಗೆ ಹೊಳೀತಿದೆ" ಎಂದಿದ್ದರು. ಅವರನ್ನೇನು ಬೈಯುವುದು, ಟಿವಿಯವರೇ ಗ್ರಾಫಿಕ್ಸ್ ಹಾಕಿ ತೋರಿಸಿದ್ದರು. 2023ರಲ್ಲಿ ನೋಟೇ ಚಲಾವಣೆಯಿಂದ ಹೋಯಿತು. ಚಿಪ್ ಮಾತ್ರ ಇನ್ನೂ ಚಿಕ್ಕಪ್ಪನ ತಲೆಯಲ್ಲೇ ಇದೆ.

ಹಾಗೆಂದು ವಾಟ್ಸಾಪನ್ನು ದೂರುವಂತಿಲ್ಲ. 1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿದಾಗ ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ಫೋನು, ಅದೂ ಕೆಟ್ಟಿತ್ತು. ಆದರೂ ಮಧ್ಯಾಹ್ನದೊಳಗೆ ನಾನು ಚೊಂಬು ಹಿಡಿದು ಸಾಲಿನಲ್ಲಿದ್ದೆ. ಅದೇ ಕಾಲದ 'ನಾಳೆ ಬಾ' ನೆನಪಿದೆಯೇ? ರಾತ್ರಿ ದೆವ್ವ ಬಂದು ಮನೆಯವರ ದನಿಯಲ್ಲೇ ಕರೆಯುತ್ತದೆ, ಬಾಗಿಲು ತೆರೆದವರ ಕಥೆ ಮುಗಿಯಿತು ಎಂದು ಊರೂರಲ್ಲಿ ಬಾಗಿಲಿನ ಮೇಲೆ ಬರೆದುಕೊಂಡಿದ್ದರು. ನನಗೆ ಇಂದಿಗೂ ಆ ದೆವ್ವದ ಮೇಲೆ ಅಪಾರ ಗೌರವ. ಕನ್ನಡ ಓದಲು ಬರುತ್ತಿತ್ತು. ಬರೆದದ್ದನ್ನು ನಂಬಿ ಸುಮ್ಮನೆ ವಾಪಸು ಹೋಗುತ್ತಿತ್ತು, ಮರುದಿನ ಬಂದು ಅದನ್ನೇ ಓದಿ ಮತ್ತೆ ಹೋಗುತ್ತಿತ್ತು. ಖಾತೆ ಬದಲಾವಣೆಗೆ ಅಲೆದು ಅಲೆದು ಸತ್ತ ಯಾರದೋ ಆತ್ಮವೇ ಇರಬೇಕು. ಬದುಕಿರುವವರಿಗೆ ಇಷ್ಟು ತಾಳ್ಮೆ ಬರುವುದಿಲ್ಲ.

ಇರಲಿ, ಕರಡಿಗೆ ಬರೋಣ. ಅದರ ಪ್ರಕಾರ ಸುಳ್ಳು ಯಾವುದು ಎಂದು ನೋಡಿಕೊಳ್ಳಲು 6 ಜನರ ಪ್ರಾಧಿಕಾರ. ಅಧ್ಯಕ್ಷರು ಸಚಿವರು. ಜೊತೆಗೆ ಒಬ್ಬ ಶಾಸಕರು, ಒಬ್ಬ ವಿಧಾನ ಪರಿಷತ್ ಸದಸ್ಯರು, ಸೋಷಿಯಲ್ ಮೀಡಿಯಾ ಕಂಪನಿಗಳಿಂದ ಇಬ್ಬರು, ಕಾರ್ಯದರ್ಶಿಯಾಗಿ ಐಎಎಸ್ ಅಧಿಕಾರಿ. ಎಂಥ ದೂರದೃಷ್ಟಿ! ಸುಳ್ಳಿನ ವಿಷಯದಲ್ಲಿ ರಾಜಕಾರಣಿಗಳಿಗಿಂತ ಅನುಭವಸ್ಥರನ್ನು ಎಲ್ಲಿಂದ ತರುತ್ತೀರಿ? 2017ರಲ್ಲಿ ಶುರುವಾದ ಈಜಿಪುರ ಮೇಲ್ಸೇತುವೆ ಎಂದು ಮುಗಿಯುತ್ತದೆ ಎಂದು ಇದುವರೆಗೆ ಹೇಳಿದ ದಿನಾಂಕಗಳನ್ನೆಲ್ಲ ಮೊದಲ ಸಭೆಯಲ್ಲೇ ಮುಂದಿಡಬಹುದು. ಇಡುವವರು ಯಾರು, ಅದು ಬೇರೆ ಮಾತು.

ಒಬ್ಬರ ಹೇಳಿಕೆಯನ್ನು ತಪ್ಪಾಗಿ ಉಲ್ಲೇಖಿಸಿದರೂ ಅದು ಸುಳ್ಳು ಸುದ್ದಿಯೇ. "ನನ್ನ ಮಾತನ್ನು ತಿರುಚಲಾಗಿದೆ" ಎಂಬ ನಮ್ಮ ನಾಯಕರ ಪ್ರಾತಃಸ್ಮರಣೀಯ ವಾಕ್ಯಕ್ಕೆ ಕೊನೆಗೂ ಜೈಲಿನ ಬೆಂಬಲ ಸಿಕ್ಕಂತಾಯಿತು.

ಮುಂದಿನದು ಇನ್ನೂ ಸೊಗಸು. ಸನಾತನ ಸಂಕೇತಗಳಿಗೆ ಅಗೌರವ ಕೂಡದು, ಮೂಢನಂಬಿಕೆ ಹರಡುವುದೂ ಕೂಡದು. ಈಗ ಹೇಳಿ, 1995ರಲ್ಲಿ ಗಣಪತಿ ಹಾಲು ಕುಡಿದನೋ ಇಲ್ಲವೋ? ಕುಡಿದ ಎಂದರೆ ಮೂಢನಂಬಿಕೆ, ಇಲ್ಲ ಎಂದರೆ ಅಗೌರವ. ಬಾಯಿ ಮುಚ್ಚಿಕೊಂಡಿದ್ದರೆ ಕ್ಷೇಮ, ಬಹುಶಃ ಕರಡಿನ ಆಸೆಯೂ ಅದೇ. ಸಾಹಿತ್ಯದ ವಿಷಯಕ್ಕೂ ಸಂಶೋಧನೆಯ ಆಧಾರ ಬೇಕಂತೆ. "ನಿನ್ನ ಮೊಗ ಚಂದಿರ" ಎಂದು ಪೋಸ್ಟ್ ಹಾಕುವ ಹುಡುಗರು ಮೊದಲು ಇಸ್ರೋಗೆ ಪತ್ರ ಬರೆಯಲಿ.

ಗದ್ದಲವೆದ್ದ ಮೇಲೆ "ಇದು ಬರೀ ಕರಡು, ಸಂಪುಟ ಒಪ್ಪಿಲ್ಲ" ಎಂದರು. ಸರಿ. ಕೇಂದ್ರದವರು ತಮ್ಮ ವಿರುದ್ಧದ ಸುದ್ದಿಯ ಸತ್ಯಾಸತ್ಯ ತಾವೇ ತೀರ್ಮಾನಿಸಲು ಫ್ಯಾಕ್ಟ್‌ಚೆಕ್ ಘಟಕ ಮಾಡಿಕೊಂಡಾಗ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತ್ತು, 2024ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಆ ನಿಯಮವನ್ನೇ ಕಿತ್ತುಹಾಕಿತ್ತು. ಆಗ ದಿಲ್ಲಿಯಲ್ಲಿ ಬೊಬ್ಬೆ ಹಾಕಿದ ಪಕ್ಷದ್ದೇ ಇಲ್ಲಿನ ಸರ್ಕಾರ. ಅಲ್ಲಿ ಸಮರ್ಥಿಸಿದವರು ಇಲ್ಲಿ ವಾಕ್ ಸ್ವಾತಂತ್ರ್ಯದ ಕಾವಲುಗಾರರು. ಭಾಷಣದ ಪ್ರತಿ ಅದಲುಬದಲು ಮಾಡಿಕೊಂಡರಷ್ಟೇ.

ಇಷ್ಟು ಹೊತ್ತು ನಕ್ಕಿದ್ದು ಸಾಕು. 2012ರ ಆಗಸ್ಟ್‌ನಲ್ಲಿ ಒಂದಿಷ್ಟು ಎಸ್ಸೆಮ್ಮೆಸ್ಸುಗಳಿಗೆ ಹೆದರಿ ಈಶಾನ್ಯದ ಸಾವಿರಾರು ಹುಡುಗ ಹುಡುಗಿಯರು ಬೆಂಗಳೂರು ಬಿಟ್ಟು ಗುವಾಹಟಿ ರೈಲು ಹತ್ತಿದರು. 2018ರಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪ್ರವಾಸಿಗರನ್ನು ಮಕ್ಕಳ ಕಳ್ಳರೆಂದು ವಾಟ್ಸಾಪ್ ನಂಬಿ ಅಟ್ಟಿಸಿಕೊಂಡು ಹೋಗಿ ಬಡಿದರು. ಒಬ್ಬ ಸತ್ತೇಹೋದ. ಸುಳ್ಳು ಕೊಲ್ಲುತ್ತದೆ, ಆ ಬಗ್ಗೆ ನನಗೆ ಯಾವ ತಮಾಷೆಯೂ ಇಲ್ಲ. ಕೊಲೆಗೆ ಅಂದೂ ಕಾನೂನಿತ್ತು, ಗಲಭೆ ಎಬ್ಬಿಸಿದರೆ ಶಿಕ್ಷೆ ಅಂದೂ ಇತ್ತು. ದುಡ್ಡು ಕೊಟ್ಟು ಸುಳ್ಳು ಹೆಣೆಸುವ ಐಟಿ ಸೆಲ್‌ಗಳು ಪಕ್ಷಗಳ ಆಶ್ರಯದಲ್ಲೇ ಇವೆ, ಅವುಗಳ ಬಾಗಿಲು ತಟ್ಟಲು ಯಾರಿಗೂ ಹೊಸ ಮಸೂದೆ ಬೇಕಿಲ್ಲ. ಆ ಪಕ್ಷದವರನ್ನೇ ಪ್ರಾಧಿಕಾರದ ಕುರ್ಚಿಯಲ್ಲಿ ಕೂರಿಸಿ ನಮ್ಮ ಕಡೆ ಬೆರಳು ತೋರಿಸುತ್ತೀರಲ್ಲ, ಸುಸ್ತಾಗುತ್ತದೆ.

ನಿನ್ನೆ ರಾತ್ರಿ ಕರಡಿನ ಮುಖ್ಯಾಂಶಗಳನ್ನು ಟೈಪ್ ಮಾಡಿ ಕುಟುಂಬದ ಗ್ರೂಪಿಗೆ ಹಾಕಿದೆ. ಎರಡೇ ನಿಮಿಷದಲ್ಲಿ ಚಿಕ್ಕಪ್ಪನ ಉತ್ತರ ಬಂತು:

"ಇದು ಫೇಕ್ ಕಣೋ. ಯಾವ ಸರ್ಕಾರನಾದ್ರೂ ಹೀಗೆಲ್ಲ ಬರೆಯುತ್ತಾ? ಸುಮ್ಮನೆ ಫಾರ್ವರ್ಡ್ ಮಾಡಬೇಡ."