ಸತ್ಯಾಂಶ: ಡೀಸೆಲ್ ಲಾರಿಗೆ ಪೆಟ್ರೋಲ್ ಸುರಿದರೆ ಸ್ಟಾರ್ಟ್ ಆಗುತ್ತದೆಯೇ?

‘ಮಳೆಗಾಲದ ಚಳಿಗೆ ಡೀಸೆಲ್ ಗಟ್ಟಿಯಾಗುತ್ತದೆ, ಟ್ಯಾಂಕಿಗೆ ಎರಡು ಲೀಟರ್ ಪೆಟ್ರೋಲ್ ಸುರಿದರೆ ಲಾರಿ ಒಂದೇ ಕೀಗೆ ಸ್ಟಾರ್ಟ್’ ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಇದು ತಪ್ಪು.

ಮಳೆಗಾಲದಲ್ಲಿ ಮಂಗಳೂರಿನ ಉಷ್ಣಾಂಶ 20 ಡಿಗ್ರಿಗಿಂತ ಕೆಳಗಿಳಿಯುವುದೇ ಅಪರೂಪ. ಡೀಸೆಲ್ ಮೇಣಗಟ್ಟಲು ಆ ಚಳಿ ಸಾಲದು. ಲಡಾಖಿನ ಚಿಂತೆಯನ್ನು ಪಣಂಬೂರಿಗೆ ತರಬೇಕಾಗಿಲ್ಲ. ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಇರುವುದಿಲ್ಲ, ಒತ್ತಿದ ಗಾಳಿಯ ಬಿಸಿಗೇ ಇಂಧನ ಹೊತ್ತಿಕೊಳ್ಳಬೇಕು. ಪೆಟ್ರೋಲ್ ಹಾಗೆ ಸುಲಭವಾಗಿ ಹೊತ್ತುವುದಿಲ್ಲ. ಅಲ್ಲದೆ ಡೀಸೆಲ್‌ನ ಜಿಡ್ಡನ್ನೇ ನಂಬಿರುವ ಪಂಪು, ಎಂಜಿನ್ ಒಳಗೆ ಇಂಧನ ಚಿಮ್ಮಿಸುವ ಇಂಜೆಕ್ಟರುಗಳು ಸವೆಯುತ್ತವೆ.

ರಾತ್ರಿ ನಿಂತ ಲಾರಿ ಬೆಳಿಗ್ಗೆ ಸತಾಯಿಸಿದರೆ ನನ್ನ ಮೊದಲ ಅನುಮಾನ ಗಾಳಿಯ ಮೇಲೆ. ಟ್ಯಾಂಕಿನಿಂದ ಪಂಪಿನವರೆಗಿನ ಪೈಪು ಹೀರುವ ಕಡೆಯದು. ಅಲ್ಲಿ ಕೂದಲೆಳೆಯ ಬಿರುಕಿದ್ದರೂ ಡೀಸೆಲ್ ಹೊರಗೆ ತೊಟ್ಟಿಕ್ಕದೆ ಗಾಳಿ ಒಳಗೆ ಸೇರಬಹುದು. ರಾತ್ರಿಯಿಡೀ ಡೀಸೆಲ್ ಮೆಲ್ಲನೆ ಟ್ಯಾಂಕಿಗೆ ಮರಳುತ್ತದೆ. ಡೀಸೆಲ್ಲನ್ನು ಕೈಯಿಂದಲೇ ಮೇಲೆಳೆಯುವ ಕೈಪಂಪು ಒತ್ತಿ ನೋಡಿ. ಒತ್ತಿದ ಮೇಲೆ ತಕ್ಷಣ ಸ್ಟಾರ್ಟ್ ಆದರೆ ಕಳ್ಳ ಸಿಕ್ಕಿದಂತೆಯೇ. ಫಿಲ್ಟರ್ ಮೇಲಿನ ಗಾಳಿ ಬಿಡುವ ಸ್ಕ್ರೂ ಸಡಿಲಿಸಿದಾಗ ಮೊದಲು ನೊರೆ ಬುಸುಗುಟ್ಟುತ್ತದೆ, ಆಮೇಲೆ ತಿಳಿ ಡೀಸೆಲ್. ನೊರೆ ನಿಲ್ಲದಿದ್ದರೆ ವಾಷರ್, ಹೋಸ್ ಕ್ಲಿಪ್ಪುಗಳನ್ನು ನೋಡಬೇಕು. ಕಾಮನ್ ರೈಲ್ (ಎಲ್ಲ ಇಂಜೆಕ್ಟರುಗಳಿಗೂ ಭಾರೀ ಒತ್ತಡದ ಒಂದೇ ಕೊಳವೆಯಿಂದ ಡೀಸೆಲ್ ಹೋಗುವ) ಗಾಡಿಯಾದರೆ ಇಂಜೆಕ್ಟರಿನ ಪೈಪು ಮಾತ್ರ ಬಿಚ್ಚಬೇಡಿ: ಎಂಜಿನ್ ಓಡುವಾಗ ಅಲ್ಲಿ 1,000 ಬಾರ್‌ಗೂ ಮೀರಿದ ಒತ್ತಡವಿರಬಹುದು, ಚರ್ಮ ಸೀಳುವಷ್ಟು.

ಕರಾವಳಿಯ ತೇವದಲ್ಲಿ ನೀರಿನದೂ ಕಾಟ. ಫಿಲ್ಟರಿನ ತಳದ ತಿರುಪು ಬಿಚ್ಚಿ ಗಾಜಿನ ಲೋಟಕ್ಕೆ ಹಿಡಿಯಿರಿ. ನೀರಿದ್ದರೆ ತಳದಲ್ಲಿ ಬೇರೆಯೇ ನಿಲ್ಲುತ್ತದೆ.