ಪ್ರೀಮಿಯಂ ಚಾಲಕನಿಗೋ, ವಿಳಾಸಕ್ಕೋ?

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಹೊಸ ಚಾಲಕನ ಕಾರು ವಿಮೆಗೆ ಕಾರಿನಷ್ಟೇ ಅವನ ಮನೆಯ ಪೋಸ್ಟಲ್ ಕೋಡ್ ಕೂಡ ಲೆಕ್ಕಕ್ಕೆ ಬರುತ್ತದೆ ಎಂದರೆ ಕರ್ನಾಟಕದ ನಮ್ಮ ಊರಿನವರು ಸುಲಭಕ್ಕೆ ನಂಬುವುದಿಲ್ಲ. ನಾನಿರುವ, ಟೊರೊಂಟೊ ಪಕ್ಕದ ಬ್ರಾಂಪ್ಟನ್ ಈ ವಿಷಯದಲ್ಲಿ ಪ್ರಾಂತ್ಯದ ಅತಿ ದುಬಾರಿ ಊರುಗಳಲ್ಲೊಂದು. ಆನ್‌ಲೈನ್ ಅರ್ಜಿಯಲ್ಲಿ ವಯಸ್ಸು, ಕಾರು, ಲೈಸೆನ್ಸ್ ಪಡೆದ ದಿನ ಯಾವುದನ್ನೂ ಬದಲಿಸದೆ, ಬ್ರಾಂಪ್ಟನ್ನಿನ ಎಲ್6ರಿಂದ ಶುರುವಾಗುವ ಕೋಡ್ ಅಳಿಸಿ ಇದೇ ಪ್ರಾಂತ್ಯದ ಕಿಂಗ್‌ಸ್ಟನ್ನಿನ ಕೆ7ರದ್ದು ತುಂಬಿದರೆ ಸಾಕು, ಮೊತ್ತ ಕಣ್ಣೆದುರೇ ಇಳಿಯುತ್ತದೆ.

ಕರ್ನಾಟಕದಲ್ಲಿ ಲೆಕ್ಕವೇ ಬೇರೆ. ಥರ್ಡ್ ಪಾರ್ಟಿ, ಅಂದರೆ ಅಪಘಾತದಲ್ಲಿ ಬೇರೆಯವರಿಗಾದ ಹಾನಿ ತುಂಬುವ ವಿಮೆಯ ದರವನ್ನು ಕೇಂದ್ರ ಸರ್ಕಾರ ಎಂಜಿನ್ ಗಾತ್ರ ನೋಡಿ ಗೊತ್ತುಮಾಡುತ್ತದೆ. 2022ರ ಜೂನ್‌ನ ದರಪಟ್ಟಿಯಂತೆ 1000 ಸಿಸಿವರೆಗಿನ ಖಾಸಗಿ ಕಾರಿಗೆ 2,094 ರೂಪಾಯಿ, 1500 ಸಿಸಿವರೆಗೆ 3,416, ಅದಕ್ಕೂ ಮೇಲಿನದಕ್ಕೆ 7,897. ಸ್ಟೇರಿಂಗ್ ಹಿಂದೆ ಕೂತವನು ನಿನ್ನೆ ಲೈಸೆನ್ಸ್ ಪಡೆದವನೇ, ಮೂವತ್ತು ವರ್ಷ ಗಾಡಿ ಓಡಿಸಿದವನೇ ಎಂದು ಆ ಪಟ್ಟಿ ಕೇಳುವುದಿಲ್ಲ. ಸ್ವಂತ ಹಾನಿಯ ವಿಮೆಯಲ್ಲಿ ಬೆಂಗಳೂರು ಎ ವಲಯ, ಮೈಸೂರು ಬಿ ವಲಯ ಎಂಬ ಸಣ್ಣ ವ್ಯತ್ಯಾಸವುಂಟು. ಅದೂ ನೋಂದಣಿಯ ಊರಿಗೆ ಅಂಟಿಕೊಂಡದ್ದಾದ್ದರಿಂದ ಕೆಎ-09 ಫಲಕದ ಕಾರು ವರ್ಷವಿಡೀ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲೇ ನಿಂತಿದ್ದರೂ ಬಿ ವಲಯದ್ದೇ.

ಹಾಗೆಂದು ನಮ್ಮ ಪದ್ಧತಿಯೇ ಮೇಲೆಂದು ನಾನು ಹೇಳಲಾರೆ. ಸಿಗ್ನಲ್ ಹಾರಿ ಮತ್ತೆ ಮತ್ತೆ ದಂಡ ಕಟ್ಟುವವನೂ ನಿಯಮ ಪಾಲಿಸುವವನೂ ಅಲ್ಲಿ ಒಂದೇ ಥರ್ಡ್ ಪಾರ್ಟಿ ದರ ತೆರುತ್ತಾರೆ. ಇಲ್ಲಿ ಅತಿವೇಗದ ಒಂದು ಟಿಕೆಟ್ಟೂ ಕೆಲವು ವರ್ಷ ಬೆನ್ನುಹತ್ತುತ್ತದೆ, ಮತ್ತು ಅದು ಸರಿ ಎಂದೇ ನನ್ನ ಅಭಿಪ್ರಾಯ.

ನನ್ನ ತಕರಾರು ವಿಳಾಸದ ಬಗ್ಗೆ. ವಿಮಾ ಕಂಪನಿಗಳು ಕೊಡುವ ಕಾರಣಗಳು ಸುಳ್ಳಲ್ಲ: ಟೊರೊಂಟೊ ಸುತ್ತಮುತ್ತ ವಾಹನ ದಟ್ಟಣೆ ವಿಪರೀತ, ಹಣಕ್ಕಾಗಿ ಬೇಕೆಂದೇ ಮಾಡಿಸುವ ಡಿಕ್ಕಿಗಳಿವೆ, ಮನೆಯಂಗಳದಿಂದ ಕದ್ದ ಕಾರುಗಳು ಕಂಟೇನರ್ ಸೇರಿ ಮಾಂಟ್ರಿಯಲ್ ಬಂದರಿನ ಮೂಲಕ ಸಮುದ್ರ ದಾಟುತ್ತವೆ. ಪ್ರಾಂತ್ಯದ ನಿಯಂತ್ರಣ ಸಂಸ್ಥೆಯಾದ ಎಫ್‌ಎಸ್‌ಆರ್‌ಎ ಒಪ್ಪದೆ ಯಾವ ದರವೂ ಜಾರಿಗೆ ಬರುವಂತಿಲ್ಲ. ಆದರೆ ದೀರ್ಘಕಾಲದ ಶುದ್ಧ ದಾಖಲೆಯಿರುವವನು ವಿಳಾಸದ ಹೊರೆಯನ್ನು ಆ ದಾಖಲೆಯಿಂದ ಒಂದಿಷ್ಟು ತಗ್ಗಿಸಿಕೊಳ್ಳಬಲ್ಲ. ಜಿ2, ಅಂದರೆ ಪೂರ್ಣ ಲೈಸೆನ್ಸಿಗೆ ಮುಂಚಿನ ಎರಡನೇ ಹಂತದ ಲೈಸೆನ್ಸ್ ಹಿಡಿದ ಹೊಸಬನಿಗೆ ದಾಖಲೆಯೇ ಇಲ್ಲದ್ದರಿಂದ ಅನನುಭವದ ಬೆಲೆಯ ಮೇಲೆ ನೆರೆಹೊರೆಯವರ ಕಳ್ಳತನ, ಅಪಘಾತಗಳ ಬೆಲೆಯೂ ಬೀಳುತ್ತದೆ. ಮೊದಲ ಮೂರು ವರ್ಷವಾದರೂ ಪೋಸ್ಟಲ್ ಕೋಡಿನ ಪಾಲಿಗೆ ಮಿತಿ ಹಾಕುವುದು ನ್ಯಾಯ.

ಅಲ್ಲಿಯವರೆಗೆ ಕೈಯಲ್ಲಿರುವ ದಾರಿಗಳು ಕೆಲವೇ. ಮಾನ್ಯತೆ ಪಡೆದ ಚಾಲನಾ ತರಬೇತಿ ಮುಗಿಸಿದರೆ ಕಲಿಯುವವರ ಲೈಸೆನ್ಸಾದ ಜಿ1ರ ಹನ್ನೆರಡು ತಿಂಗಳ ಕಾಯುವಿಕೆ ಎಂಟಕ್ಕಿಳಿಯುತ್ತದೆ, ಎಷ್ಟೋ ಕಂಪನಿಗಳು ರಿಯಾಯಿತಿಯನ್ನೂ ಕೊಡುತ್ತವೆ. ಚಳಿಗಾಲದ ಟೈರುಗಳಿಗೂ 2016ರಿಂದ ಇಲ್ಲಿ ರಿಯಾಯಿತಿ ಕಡ್ಡಾಯ. ಊರಿನಲ್ಲಿ ವರ್ಷಗಟ್ಟಲೆ ಕಾರು ಓಡಿಸಿದವರು ಹೊರಡುವ ಮೊದಲೇ ತಮ್ಮ ಆರ್‌ಟಿಒದಿಂದ ಲೈಸೆನ್ಸಿನ ದಾಖಲೆಯ ಅಧಿಕೃತ ಪ್ರತಿ ಪಡೆದಿಟ್ಟುಕೊಳ್ಳಲಿ. ಎಲ್ಲ ಕಂಪನಿಗಳೂ ಅದಕ್ಕೆ ಬೆಲೆ ಕೊಡುವುದಿಲ್ಲ, ಕೊಡುವವರನ್ನು ಹುಡುಕಬೇಕು.